ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಡಿದುಕೊಳ್ಳುವ ಸ್ಟೀರಿಂಗ್ ಗೇರ್

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1984ನೇ ಇಸವಿಯ ಪ್ರೀಮಿಯರ್ ಪದ್ಮಿನಿ ಕಾರು ಈಗಲೂ ನಮ್ಮ ಮನೆಯಲ್ಲಿ ಓಡುವ ಸ್ಥಿತಿಯಲ್ಲಿದೆ. ವಾರಕ್ಕೊಮ್ಮೆ ಬದಿಯಡ್ಕ ಪೇಟೆಗೂ ತಿಂಗಳಿಗೊಮ್ಮೆ ಕಾಸರಗೋಡಿಗೂ ನಾನು ಅದರಲ್ಲಿಯೇ ಹೋಗುತ್ತೇನೆ. ಕಳೆದ ಮಳೆಗಾಲದ ಬಳಿಕ ಎರಡನೇ ಗೇರಿನಿಂದ ಮೂರನೆಯದಕ್ಕೆ ಬದಲಾಯಿಸುವಾಗ ಸ್ಟೀರಿಂಗ್ ಪಕ್ಕದ ಲಿವರ್ ನಡುವಿನಲ್ಲಿ ಹಿಡಿದುಕೊಳ್ಳುತ್ತಿದೆ. ಒಂದರಿಂದ ಎರಡಕ್ಕೆ, ಮೂರರಿಂದ ನಾಲ್ಕಕ್ಕೆ ಅಂಥ ತೊಂದರೆಯಿಲ್ಲ. ಎಂಜಿನ್ ಆಫ್ ಮಾಡಿ ನೋಡಿದರೂ ಅದೇ ಕಥೆ. ಕಳೆದ ತಿಂಗಳು ಕುಂಬಳೆಯಲ್ಲಿ ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲಿ ಲಿವರ್ ಹೇಗೆ ಮಾಡಿದರೂ ಮೂರಕ್ಕೆ ಹೋಗದೆ, ಸೀತಾಂಗೋಳಿ ದಾರಿಯಾಗಿ ಮನೆಯವರೆಗೂ ಎರಡನೇ ಗೇರಿನಲ್ಲಿಯೇ ಬಂದೆ. ಒಂದು ವರ್ಕ್‌ಶಾಪಿನವರು ಗೇರ್ ಬಾಕ್ಸ್ ಇಳಿಸಿ ಬಿಚ್ಚಬೇಕೆಂದು ಹೇಳಿದ್ದಾರೆ. ನೆರೆಯವರೊಬ್ಬರು ಲಿವರಿನ ಬುಡಕ್ಕೆ ತೆಂಗಿನೆಣ್ಣೆ ಬಿಟ್ಟರು. ಎರಡು ದಿನ ಸರಿಯಿತ್ತು, ಮತ್ತೆ ಮೊದಲಿನಂತೆಯೇ ಆಯಿತು. ಗೇರ್ ಬಾಕ್ಸ್ ಇಳಿಸುವುದು ಅನಿವಾರ್ಯವೇ?
(ಬದಿಯಡ್ಕ ಸಮೀಪದ ಒಬ್ಬ ಅಡಕೆ ಬೆಳೆಗಾರರು)

ಉತ್ತರ: ಸದ್ಯಕ್ಕೆ ಇಳಿಸಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಗೇರ್ ಬಾಕ್ಸಿನ ಒಳಗೆ ಕೇಡಾಗಿದೆ ಎಂದು ಹೇಳುವಂಥದ್ದು ಒಂದೂ ಇಲ್ಲ. ಲಿವರಿಗೂ ಗೇರ್ ಬಾಕ್ಸಿಗೂ ನಡುವಿನ ದಾರಿಯಲ್ಲಿ ಏನೋ ಆಗಿದೆ ಎಂದು ಹೇಳುವಂಥವು ಮೂರು ಇವೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇಂಥದೇ ಒಂದು ಕಾರಿನ ಗೇರ್ ಬಾಕ್ಸನ್ನು ಇಳಿಸಿ, ಬಿಚ್ಚಿ, ತೊಳೆದು, ಎಲ್ಲವೂ ಸರಿಯಿದೆಯೆಂದು ಕಂಡು ಮತ್ತೆ ಏರಿಸಿದ್ದೆ. ಎರಡು ದಿನದ ಆ ದುಡಿಮೆಯ ಕೊನೆಯಲ್ಲಿ ಸಿಕ್ಕಿದ ದೋಷವೆಂದರೆ, ಸವೆದು ಸೊಂಟ ಸಣ್ಣಗಾಗಿದ್ದ, ಕಿರುಬೆರಳ ಉದ್ದವೂ ಇಲ್ಲದ ಒಂದು ಪಿನ್. ಆ ನಾಚಿಕೆ ಇನ್ನೂ ಪೂರ್ತಿಯಾಗಿ ಹೋಗಿಲ್ಲವಾದ್ದರಿಂದ ಈ ಉತ್ತರ ಸ್ವಲ್ಪ ದೀರ್ಘವಾಗಿಯೇ ಇರುತ್ತದೆ.

ಮೊದಲು ಲಿವರ್ ಮಾಡುವ ಕೆಲಸವನ್ನು ಗಮನಿಸಿ. ಅದಕ್ಕೆ ಎರಡು ಚಲನೆಗಳಿವೆ. ಸ್ಟೀರಿಂಗ್ ಚಕ್ರದ ಕಡೆಗೆ ಎಳೆಯುವುದು ಅಥವಾ ಅದರಿಂದ ದೂರ ತಳ್ಳುವುದು ಯಾವ ಜೋಡಿ ಗೇರ್ ಬೇಕೆಂದು ಆರಿಸುತ್ತದೆ. ಮೇಲೆ ಕೆಳಗೆ ಮಾಡುವುದು ಆ ಜೋಡಿಯಲ್ಲಿ ಒಂದನ್ನು ಕೂರಿಸುತ್ತದೆ. ಸ್ಟೀರಿಂಗ್ ಕಂಬಕ್ಕೆ ಒತ್ತಿಕೊಂಡು ಇಳಿಯುವ ಒಂದು ಉದ್ದನೆಯ ಶಾಫ್ಟ್ ಮೊದಲನೆಯ ಚಲನೆಗೆ ಉದ್ದಕ್ಕೆ ಜಾರುತ್ತದೆ, ಎರಡನೆಯದಕ್ಕೆ ತನ್ನ ಸುತ್ತಲೇ ಹೊರಳುತ್ತದೆ. ಕೆಳತುದಿಯಲ್ಲಿರುವ ತೋಳುಗಳು ಈ ಎರಡನ್ನೂ ಬೇರೆ ಬೇರೆ ಕೊಂಡಿಗಳ ಮೂಲಕ ಗೇರ್ ಬಾಕ್ಸಿಗೆ ಒಯ್ಯುತ್ತವೆ. ಮಾದರಿಗೂ ವರ್ಷಕ್ಕೂ ತಕ್ಕಂತೆ ಕೊಂಡಿಗಳ ಆಕಾರದಲ್ಲಿ ವ್ಯತ್ಯಾಸವಿರುತ್ತದೆ, ತತ್ತ್ವ ಮಾತ್ರ ಇಷ್ಟೇ. ಒಂದು ಮತ್ತು ಎರಡು ಒಂದೇ ಸಾಲಿನಲ್ಲಿವೆ, ಮೂರು ಮತ್ತು ನಾಲ್ಕು ಮತ್ತೊಂದು ಸಾಲಿನಲ್ಲಿವೆ. ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಸಾಲು ದಾಟಬೇಕಾಗುತ್ತದೆ, ನಿಮ್ಮ ಕಾರು ಹಿಡಿದುಕೊಳ್ಳುವುದೂ ಅಲ್ಲಿಯೇ.

ಹಿಡಿದುಕೊಳ್ಳುತ್ತದೆ ಎಂದೊಡನೆ ಎಲ್ಲೋ ಬಿಗಿಯಾಗಿದೆ, ಎಣ್ಣೆ ಬಿಟ್ಟರೆ ಸರಿಯಾದೀತು ಎಂದು ಎಲ್ಲರಿಗೂ ತೋರುತ್ತದೆ. ಸ್ಟೀರಿಂಗ್ ಗೇರಿನ ವಿಷಯದಲ್ಲಿ ಬಹುಪಾಲು ಇದು ತಿರುಗುಮುರುಗು: ಕೊಂಡಿಗಳು ಸಡಿಲವಾಗಿರುವುದರಿಂದಲೇ ಲಿವರ್ ಬಿಗಿಯಾಗುತ್ತದೆ. ಅದು ಹೇಗೆಂದರೆ, ಗೇರ್ ಬಾಕ್ಸಿನ ಒಳಗೆ ಒಂದೊಂದು ಜೋಡಿಗೆ ಒಂದೊಂದು ಸರಳು ಇದ್ದು, ಒಂದು ಸರಳು ನ್ಯೂಟ್ರಲ್ ಸ್ಥಾನದಿಂದ ಸ್ವಲ್ಪ ಸರಿದಿದ್ದರೂ ಇನ್ನೊಂದು ಅಲುಗದಂತೆ ತಡೆಯುವ ಏರ್ಪಾಡನ್ನು ತಯಾರಕರೇ ಮಾಡಿರುತ್ತಾರೆ. ಎರಡು ಗೇರ್ ಒಟ್ಟಿಗೆ ಬಿದ್ದು ಹಲ್ಲುಗಳು ಪುಡಿಯಾಗದಿರಲೆಂದು ಈ ಕಾವಲು. ಈಗ ಕೊಂಡಿಗಳ ಪಿನ್ನುಗಳೂ, ಅವು ಕೂರುವ ಬಳೆಯಂಥ ಬುಷ್‌ಗಳೂ ಸವೆದಿವೆ ಎಂದುಕೊಳ್ಳಿ. ನೀವು ಲಿವರನ್ನು ಎರಡರಿಂದ ನ್ಯೂಟ್ರಲ್‌ಗೆ ತಂದಿದ್ದೀರಿ, ಕೈಗೂ ಹಾಗೆಯೇ ಅನಿಸುತ್ತದೆ. ಆದರೆ ಚಲನೆಯ ಕೊನೆಯ ಭಾಗವನ್ನು ಸವೆದ ರಂಧ್ರಗಳು ನುಂಗಿರುವುದರಿಂದ ಒಳಗಿನ ಸರಳು ನ್ಯೂಟ್ರಲ್‌ಗೆ ಪೂರ್ತಿ ಬಂದಿರುವುದಿಲ್ಲ. ಕಾವಲು ತನ್ನ ಕೆಲಸ ಮಾಡುತ್ತದೆ, ನಿಮಗೆ ಲಿವರ್ ಜಾಮ್ ಆದಂತೆ ಕಾಣುತ್ತದೆ. ಸಣ್ಣ ಸವೆತ ಇಷ್ಟು ದೊಡ್ಡದಾಗಲು ಕಾರಣವೂ ಸರಳ. ಲಿವರಿನ ಉದ್ದ 25 ಸೆಂಟಿಮೀಟರ್, ಕೆಳಗಿನ ತೋಳಿನ ಉದ್ದ 5 ಸೆಂಟಿಮೀಟರ್ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಕೆಳಗೆ 2 ಮಿಲಿಮೀಟರ್ ಸಡಿಲ ಮೇಲೆ ಲಿವರಿನ ತುದಿಯ ಗುಂಡಿನ ಬಳಿ 10 ಮಿಲಿಮೀಟರ್ ಆಗುತ್ತದೆ. ಅಂಥ ನಾಲ್ಕು ಕೀಲುಗಳು ಸಾಲಾಗಿದ್ದರೆ ಲಿವರಿನ ನಡೆಯಲ್ಲಿ ಎಷ್ಟು ಭಾಗ ವ್ಯರ್ಥವಾಗುತ್ತದೆ ಎಂಬುದನ್ನು ನೀವೇ ಎಣಿಸಿಕೊಳ್ಳಬಹುದು.

ನಿಮ್ಮದು ಸಡಿಲದ ದೋಷವೋ ನಿಜವಾದ ಬಿಗಿಯೋ ಎಂಬುದನ್ನು ಸೀಟಿನಿಂದ ಏಳದೆಯೇ ತಿಳಿಯುವ ಉಪಾಯವೊಂದಿದೆ. ಸಮತಟ್ಟಾದ ಅಂಗಳದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ ಎರಡನೇ ಗೇರ್ ಹಾಕಿ. (ನಿಂತ ಕಾರಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ಕೆಲವೊಮ್ಮೆ ಗೇರ್ ಬೀಳುವುದಿಲ್ಲ, ಕಾರನ್ನು ಒಂದು ಅಂಗುಲ ಅಲುಗಿಸಿದರೆ ಬೀಳುತ್ತದೆ, ಅದು ದೋಷವಲ್ಲ.) ಬಳಿಕ ನ್ಯೂಟ್ರಲ್‌ಗೆ ತಂದು ಸಾಲು ದಾಟಲು ನೋಡಿ. ಹಿಡಿದುಕೊಂಡರೆ, ಲಿವರನ್ನು ನ್ಯೂಟ್ರಲ್ ದಾಟಿಸಿ ಒಂದನೇ ಗೇರಿನ ದಿಕ್ಕಿಗೆ ಬೆರಳಗಲ ಹೆಚ್ಚು ಒಯ್ದು, ಅಲ್ಲಿಂದ ದಾಟಿಸಿ ನೋಡಿ. ಈಗ ಸಲೀಸಾಗಿ ದಾಟಿತೆಂದರೆ ಸರಳು ಅಷ್ಟು ಹೆಚ್ಚು ಎಳೆತಕ್ಕಾಗಿ ಕಾಯುತ್ತಿತ್ತೆಂದೇ ಅರ್ಥ. ದೋಷ ಸವೆತದಲ್ಲಿ ಅಥವಾ ಕೊಂಡಿಯ ಉದ್ದದಲ್ಲಿದೆ. ಹಾಗೆ ಮಾಡಿದರೂ ಲಿವರ್ ಕದಲದಿದ್ದರೆ ಶಾಫ್ಟ್ ಜಾರುವ ಜಾಗದಲ್ಲಿಯೇ ಅಂಟಿದೆ.

ಅನಂತರದ ಪರೀಕ್ಷೆಗೆ ಕಾರಿನ ಕೆಳಗೆ ಇಳಿಯಬೇಕು. ಕಾರನ್ನು ಬರಿಯ ಜಾಕಿನ ಮೇಲೆ ನಂಬಿ ಕೆಳಗೆ ಹೋಗಬೇಡಿ, ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಗೇರ್ ಬಾಕ್ಸಿನ ಮೈಮೇಲಿರುವ ತೋಳುಗಳಿಗೆ ಕೊಂಡಿಗಳು ಸೇರುವ ಎರಡು ಕಡೆಗಳಲ್ಲಿ, ಯಾವುದು ಎಲ್ಲಿತ್ತೆಂದು ಬಿಳಿ ಪೇಂಟಿನಿಂದ ಗುರುತು ಹಾಕಿ ಬಿಚ್ಚಿರಿ. ತೆಗೆದ ಸ್ಪ್ಲಿಟ್ ಪಿನ್ನುಗಳನ್ನು (ತುದಿ ಸೀಳಿ ಬಾಗಿಸುವ ತಂತಿಯ ಪಿನ್ನುಗಳನ್ನು) ಮತ್ತೆ ಹಾಕಬಾರದು. ಈಗ ವ್ಯವಸ್ಥೆ ಎರಡು ತುಂಡಾಗಿದೆ. ಮೇಲಿನ ಲಿವರನ್ನು ಒಂದೇ ಬೆರಳಿನಿಂದ ಎರಡೂ ರೀತಿಯಲ್ಲಿ ಆಡಿಸಿ; ಅದು ತಡೆಯಿಲ್ಲದೆ ಆಡಬೇಕು. ಗೇರ್ ಬಾಕ್ಸಿನ ತೋಳುಗಳನ್ನು ಕೈಯಿಂದ ಹೊರಳಿಸಿ. ಪ್ರತಿ ಸ್ಥಾನದಲ್ಲಿಯೂ ಸ್ಪ್ರಿಂಗಿನ ಗುಂಡು ಕೂರುವ ‘ಟಕ್’ ಎಂಬ ಸ್ಪರ್ಶ ಬೆರಳಿಗೆ ತಿಳಿಯಬೇಕು. ಮೇಲಿನದು ಬಿಗಿಯಾಗಿದ್ದರೆ ಶಾಫ್ಟನ್ನು ನೋಡಬೇಕು. ಎರಡೂ ಬೇರೆ ಬೇರೆಯಾಗಿ ಸಲೀಸಾಗಿದ್ದು, ಸೇರಿಸಿದಾಗ ಮಾತ್ರ ಹಿಡಿದರೆ ಕೊಂಡಿಯ ಉದ್ದ, ಸವೆತ ಅಥವಾ ನೇರವನ್ನು ನೋಡಬೇಕು. ಕೊಂಡಿ ಬಿಚ್ಚಿದ ಮೇಲೂ ಗೇರ್ ಬಾಕ್ಸಿನ ತೋಳು ತಾನೇ ಹಿಡಿಯುತ್ತಿದ್ದರೆ, ಆಗ ಮಾತ್ರ ನಿಮ್ಮ ವರ್ಕ್‌ಶಾಪಿನವರ ಮಾತಿಗೆ ಒಪ್ಪಿ. ಆಗಲೂ ಇಳಿಸುವ ಮುನ್ನ ಆಯಿಲಿನ ಮಟ್ಟ ನೋಡಿ, ಸ್ವಲ್ಪ ಹೊರತೆಗೆದು ಅದರಲ್ಲಿ ಲೋಹದ ಚೂರುಗಳಿವೆಯೇ ಎಂದು ಬಿಸಿಲಿಗೆ ಹಿಡಿದು ಪರೀಕ್ಷಿಸಿ.

ನಿಮ್ಮ ಕಾರಿನ ಮೇಲೆ ನನಗಿರುವ ಸಂಶಯವನ್ನು ಈಗಲೇ ಹೇಳಿಬಿಡುತ್ತೇನೆ. ಸ್ಟೀರಿಂಗ್ ಕಂಬದ ಕೆಳತುದಿಯಲ್ಲಿ ಗೇರ್ ಶಾಫ್ಟನ್ನು ಹಿಡಿದು ನಿಲ್ಲಿಸುವ ಬುಷ್ ಇರುತ್ತದೆ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಅಂಗೈಯಗಲದ ಕನ್ನಡಿಯ ಚೂರೊಂದನ್ನು ಓರೆಯಾಗಿಟ್ಟರೆ ಅದು ಕಾಣಿಸುತ್ತದೆ. ನಮ್ಮ ಕಡೆಯ ಕಾರುಗಳಲ್ಲಿ ಅಲ್ಲಿ ಬುಷ್ ಕಾಣುವುದಕ್ಕಿಂತ ಮೊದಲು ಕಾಣುವುದು ಇಟ್ಟಿಗೆ ಬಣ್ಣದ ಒಂದು ಮುದ್ದೆ: ಹತ್ತಾರು ವರ್ಷಗಳ ಗ್ರೀಸು, ಮುರಕಲ್ಲಿನ ಕೆಂಪು ಧೂಳು, ಮಳೆಗಾಲದಲ್ಲಿ ಚಕ್ರ ಚಿಮ್ಮಿದ ಕೆಸರು ಸೇರಿ ಎಂಜಿನ್ನಿನ ಬಿಸಿಗೆ ಬೆಂದು ಗಟ್ಟಿಯಾದದ್ದು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರೆ ಬೆಲ್ಲದ ಅಚ್ಚಿನಂತೆ ಚಕ್ಕೆಯಾಗಿ ಏಳುತ್ತದೆ. ಅದರ ಕೆಳಗೆ ಶಾಫ್ಟಿನ ಮೇಲೆ ತುಕ್ಕಿನ ಉಂಗುರವೊಂದು ಇದ್ದೇ ಇರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಾರು ಹೆಚ್ಚಾಗಿ ಶೆಡ್ಡಿನಲ್ಲಿಯೇ ನಿಂತಿದ್ದರೆ ಆ ತುಕ್ಕು ಇನ್ನೂ ಬೆಳೆದಿರುತ್ತದೆ. ಶಾಫ್ಟ್ ಹೊರಳುವಾಗ ಈ ಉಂಗುರ ಅಷ್ಟಾಗಿ ತಡೆಯುವುದಿಲ್ಲ; ಉದ್ದಕ್ಕೆ ಜಾರುವಾಗ ಬುಷ್‌ನ ಅಂಚಿಗೆ ತಾಗಿ ನಿಲ್ಲುತ್ತದೆ. ಒಂದೇ ಸಾಲಿನ ಗೇರುಗಳು ಸರಾಗ, ಸಾಲು ದಾಟುವುದು ಕಷ್ಟ ಎಂಬ ನಿಮ್ಮ ದೂರಿಗೆ ಇದು ಹೊಂದುತ್ತದೆ. ಮಳೆಗಾಲದ ಬಳಿಕ ಶುರುವಾಯಿತು ಎಂಬುದಕ್ಕೂ ಹೊಂದುತ್ತದೆ.

ಶುಚಿಗೊಳಿಸಲು ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬಿಸಿ ಎಂಜಿನ್ನಿನ ಹತ್ತಿರ ಪೆಟ್ರೋಲ್ ಬಳಸುವುದು ಬೇಡವೇ ಬೇಡ. ತುಕ್ಕನ್ನು ನಯವಾದ ಎಮರಿ ಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿ, ಒರಸಿ, ಒಣಗಿದ ಮೇಲೆ ಲೋಹಕ್ಕೆ ಲೋಹ ತಾಗುವಲ್ಲಿ ಲಿಥಿಯಮ್ ಗ್ರೀಸನ್ನು ತೆಳುವಾಗಿ ಹಚ್ಚಿ. ರಬ್ಬರ್ ಬುಷ್ ಇರುವಲ್ಲಿ ಈ ಗ್ರೀಸು ಬೇಡ, ಅದು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಅಲ್ಲಿಗೆ ಸಿಲಿಕೋನ್ ಗ್ರೀಸು ಆಗಬಹುದು. ನಿಮ್ಮ ನೆರೆಯವರ ತೆಂಗಿನೆಣ್ಣೆಯ ಬಗ್ಗೆ ಹೇಳುವುದಾದರೆ, ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ. ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗಾಗುವುದು ಶಾಫ್ಟಿನ ಮೇಲೆಯೂ ಬೆಳ್ಳಗಾಗುತ್ತದೆ, ಉಳಿದ ದಿನಗಳಲ್ಲಿ ಧೂಳನ್ನು ಹಿಡಿದಿಡುತ್ತದೆ. ಎರಡು ದಿನ ಸರಿಯಾಗಿತ್ತು ಎಂಬ ನಿಮ್ಮ ಮಾತು ಮಾತ್ರ ಉಪಯೋಗದ್ದು. ಲಿವರಿನ ಬುಡಕ್ಕೆ ಬಿಟ್ಟ ಎಣ್ಣೆ ಗೇರ್ ಬಾಕ್ಸಿನ ಒಳಗೆ ಹೋಗುವ ದಾರಿಯಿಲ್ಲ, ಆದ್ದರಿಂದ ದೋಷ ಹೊರಗೇ ಇದೆಯೆಂಬುದಕ್ಕೆ ಅದೊಂದು ಸಾಕ್ಷಿ.

ಇಷ್ಟಾದ ಮೇಲೂ ಲಿವರ್ ಬಿಗಿಯಿದ್ದರೆ ಎರಡು ಕಡೆ ನೋಡಿ. ಇತ್ತೀಚೆಗೆ ಹಾರ್ನ್, ಇಂಡಿಕೇಟರ್ ವೈರಿಂಗ್ ಎಂದು ಯಾರಾದರೂ ಡ್ಯಾಶಿನ ಕೆಳಗಿನ ಸ್ಟೀರಿಂಗ್ ಬ್ರಾಕೆಟನ್ನು ಸಡಿಲಿಸಿ ಮತ್ತೆ ಬಿಗಿದಿದ್ದಾರೆಯೇ? ಕಂಬ ಒಂದಿಷ್ಟು ಓರೆಯಾಗಿ ಕೂತರೆ ಶಾಫ್ಟ್ ತನ್ನ ಬುಷ್‌ಗಳಲ್ಲಿ ಸೆಟೆದುಕೊಳ್ಳುತ್ತದೆ. ಇದನ್ನು ಮನೆಯಲ್ಲಿ ಮಾಡುವ ಬದಲು ಬಲ್ಲವರಿಂದ ಮಾಡಿಸಿ, ಏಕೆಂದರೆ ಅದು ಸ್ಟೀರಿಂಗಿನ ವಿಷಯ. ಇನ್ನೊಂದು ಗೇರ್ ಬಾಕ್ಸಿನ ಮೌಂಟಿಂಗ್ ರಬ್ಬರ್. ಆಯಿಲ್ ಕುಡಿದು ಅದು ಕುಸಿದಿದ್ದರೆ ಇಡೀ ಗೇರ್ ಬಾಕ್ಸ್ ಒಂದು ಬೆರಳಿನಷ್ಟು ಕೆಳಗಿಳಿದು, ಕೊಂಡಿಗಳು ತಮ್ಮ ಕೋನವನ್ನು ಕಳೆದುಕೊಳ್ಳುತ್ತವೆ. ಗೇರ್ ಬಾಕ್ಸಿನ ಅಡಿಗೆ ಮರದ ತುಂಡಿಟ್ಟು ಜಾಕಿನಿಂದ ಸ್ವಲ್ಪವೇ ಎತ್ತಿ ಹಿಡಿದು, ಇನ್ನೊಬ್ಬರಿಂದ ಲಿವರ್ ಆಡಿಸಿ ನೋಡಿ. ಎತ್ತಿದಾಗ ಸಲೀಸು, ಇಳಿಸಿದಾಗ ಹಿಡಿತ ಎಂದಾದರೆ ಬೇರೆ ಸಾಕ್ಷಿ ಬೇಕಿಲ್ಲ.

ಸವೆತವನ್ನು ಅಳೆಯಲು ಉಪಕರಣ ಬೇಡ. ಒಬ್ಬರು ಲಿವರನ್ನು ಮೆಲ್ಲಗೆ ಆಡಿಸುತ್ತಿರಲಿ. ನೀವು ಒಂದೊಂದು ಕೀಲಿನ ಮೇಲೆಯೂ, ಎರಡು ಭಾಗಗಳಿಗೂ ತಾಗುವಂತೆ ಹೆಬ್ಬೆರಳಿಟ್ಟುಕೊಳ್ಳಿ. ಒಂದು ಭಾಗ ಸರಿದು, ಒಂದು ಕ್ಷಣ ತಡೆದು, ಆಮೇಲೆ ಇನ್ನೊಂದು ಸರಿಯುವಲ್ಲಿ ಸವೆತವಿದೆ. ಅಂಥ ಕೀಲಿನ ಪಿನ್ ಮತ್ತು ಬುಷ್ ಎರಡನ್ನೂ ಬದಲಾಯಿಸಿ. ಪಿನ್ ಮಾತ್ರ ಹೊಸದು ಹಾಕಿದರೆ ಮೊಟ್ಟೆಯಾಕಾರದ ಹಳೆಯ ರಂಧ್ರದಲ್ಲಿ ಅದು ಬೇಗನೆ ಹಳೆಯದಾಗುತ್ತದೆ. ಕೊನೆಯಲ್ಲಿ ಹೊಂದಾಣಿಕೆ: ಗೇರ್ ಬಾಕ್ಸಿನ ತೋಳುಗಳನ್ನು ‘ಟಕ್’ ಎನ್ನುವ ನ್ಯೂಟ್ರಲಿನಲ್ಲಿ ನಿಲ್ಲಿಸಿ, ಮೇಲೆ ಲಿವರನ್ನೂ ನ್ಯೂಟ್ರಲಿನಲ್ಲಿ ಒಬ್ಬರು ಹಿಡಿದುಕೊಂಡಿರಲಿ, ಆಗ ಕೊಂಡಿಯ ತುದಿ ಎಳೆಯದೆ, ತಳ್ಳದೆ, ಪಿನ್ ತಾನಾಗಿ ಒಳಗಿಳಿಯುವಂತಿರಬೇಕು. ಇಳಿಯದಿದ್ದರೆ ಹೊಂದಾಣಿಕೆಯ ತಿರುಪನ್ನು ತಿರುಗಿಸಿ ಉದ್ದ ಸರಿಪಡಿಸಿ ಲಾಕ್ ನಟ್ ಬಿಗಿಯಿರಿ. ಸವೆದ ಬುಷ್ ಇಟ್ಟುಕೊಂಡು ಉದ್ದ ಮಾತ್ರ ಸರಿಪಡಿಸಿದರೆ ಇವತ್ತು ಮೂರನೆಯದು ಸರಿಹೋಗಿ ನಾಳೆ ರಿವರ್ಸ್ ಬೀಳುವುದಿಲ್ಲ.

ಇವೆಲ್ಲ ಆಗುವ ಮೊದಲು ದಾರಿಯಲ್ಲಿ ಮತ್ತೆ ಸಿಕ್ಕಿಬಿದ್ದರೆ ಲಿವರಿನ ಮೇಲೆ ಬಲ ತೋರಿಸಬೇಡಿ. ಶಾಫ್ಟಿಗಿಂತ ಮೊದಲು ಲಿವರಿನ ಬುಡದ ಎರಕದ ತುಂಡು ಮುರಿಯುತ್ತದೆ. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲಿಟ್ಟು, ಬಾನೆಟ್ ಎತ್ತಿ. ಶಾಫ್ಟಿನ ಕೆಳತುದಿಯ ತೋಳನ್ನು ಕೈಯಿಂದ ನ್ಯೂಟ್ರಲಿನ ಕಡೆಗೆ ತಳ್ಳಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಹಳೆಯ ಬಾಡಿಗೆ ಕಾರಿನ ಡ್ರೈವರುಗಳಿಗೆ ಇದು ನಿತ್ಯದ ಕೆಲಸವಾಗಿತ್ತು. ಸೈಲೆನ್ಸರ್ ಪೈಪಿಗೆ ಕೈ ತಾಗದಂತೆ ಬಟ್ಟೆ ಸುತ್ತಿಕೊಳ್ಳಿ.

ಪ್ರಶ್ನೆ: ನನ್ನದು ಸ್ಟೀರಿಂಗ್ ಗೇರಿನ ಹಳೆಯ ಅಂಬಾಸಡರ್. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರುಗಳೂ ಬೆಣ್ಣೆಯಂತೆ ಬೀಳುತ್ತವೆ. ಸ್ಟಾರ್ಟ್ ಮಾಡಿದ ಮೇಲೆ ಒಂದನೆಯದೂ ರಿವರ್ಸೂ ಕರಕರ ಎನ್ನುತ್ತವೆ, ಕೆಲವೊಮ್ಮೆ ಬೀಳುವುದೇ ಇಲ್ಲ. ಲಿಂಕೇಜ್ (ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ಕೊಂಡಿಗಳು) ಬದಲಾಯಿಸಬೇಕೇ?
(ಉಪ್ಪಳದಿಂದ ಒಬ್ಬ ಓದುಗರು)

ಉತ್ತರ: ಬೇಡ. ನಿಮ್ಮ ಲಿಂಕೇಜ್ ಸರಿಯಿದೆಯೆಂದು ನೀವೇ ಎರಡನೇ ವಾಕ್ಯದಲ್ಲಿ ಬರೆದಿದ್ದೀರಿ. ಇದು ಕ್ಲಚ್ ಪೂರ್ತಿಯಾಗಿ ಬಿಡದಿರುವ ಲಕ್ಷಣ. ನ್ಯೂಟ್ರಲಿನಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಕ್ಲಚ್ ತುಳಿದು, ಹತ್ತು ಎಣಿಸಿ, ಬಳಿಕ ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ ಪ್ಲೇಟ್ ಇನ್ನೂ ಎಂಜಿನ್ನಿನ ಜೊತೆ ತಿರುಗುತ್ತಿದೆ. ಪೆಡಲಿನಲ್ಲಿ ಸಡಿಲ ಹೆಚ್ಚಾಗಿದೆಯೇ ಎಂದು ಮೊದಲು ನೋಡಿಸಿ. ನಿಮ್ಮ ಕಾರಿನ ಕ್ಲಚ್ ಆಯಿಲಿನದಾಗಿದ್ದು, ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ತುಳಿದಾಗ ಗೇರ್ ಸರಿಯಾಗಿ ಬಿದ್ದರೆ, ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರಿನ ವಾಷರ್ ಸೋತಿದೆ. ಮಳೆಗಾಲ ಪೂರ್ತಿ ನಿಂತ ಕಾರಾದರೆ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿರಲೂಬಹುದು. ಈ ನಾಲ್ಕು ಗೇರಿನ ಹಳೆಯ ಬಾಕ್ಸಿನಲ್ಲಿ ಒಂದನೇ ಗೇರಿಗೆ ಸಿಂಕ್ರೊಮೆಶ್ (ಹಲ್ಲುಗಳು ಕೂಡುವ ಮೊದಲು ಅವುಗಳ ವೇಗವನ್ನು ಸಮ ಮಾಡುವ ಏರ್ಪಾಡು) ಇಲ್ಲವೆಂಬುದೂ ನೆನಪಿರಲಿ. ಕಾರು ಪೂರ್ತಿ ನಿಲ್ಲುವ ಮೊದಲು ಒಂದಕ್ಕೆ ಹಾಕಿದರೆ ಸರಿಯಿರುವ ಕ್ಲಚ್ಚೂ ಕರಕರ ಎನ್ನುತ್ತದೆ.

ಪ್ರಶ್ನೆ: ಪದ್ಮಿನಿಯ ಗೇರ್ ಲಿಂಕೇಜಿನ ಬುಷ್‌ಗಳು ನಮ್ಮಲ್ಲಿ ಸಿಗುತ್ತಿಲ್ಲ. ಲೇತಿನಲ್ಲಿ ನೈಲಾನಿನಿಂದ ಮಾಡಿಸಿ ಹಾಕಿದೆ. ಬೇಸಗೆಯಲ್ಲಿ ಚೆನ್ನಾಗಿತ್ತು. ಜೂನ್ ಕಳೆಯುತ್ತಿದ್ದಂತೆ ಲಿವರ್ ಬಿಗಿಯಾಗಿದೆ. ಟರ್ನರ್ ಅಳತೆ ತಪ್ಪಿದರೆಂದು ಭಾವಿಸಬೇಕೇ?
(ಮುಳ್ಳೇರಿಯದಿಂದ ಒಬ್ಬ ಓದುಗರು)

ಉತ್ತರ: ಟರ್ನರ್ ಅಳತೆ ತಪ್ಪಿರಲಿಕ್ಕಿಲ್ಲ, ಬೇಸಗೆಯ ಅಳತೆ ಕೊಟ್ಟಿರಬಹುದು. ನೈಲಾನ್ ನೀರನ್ನು ಹೀರಿ ಉಬ್ಬುವ ವಸ್ತು. ಮಾರ್ಚಿನ ಒಣ ಗಾಳಿಯಲ್ಲಿ ಶಾಫ್ಟಿಗೆ ಸರಿಯಾಗಿ ಕೂರುವಂತೆ ಕೊರೆದ ಬುಷ್, ಹೊರಗಿನಿಂದ ಲೋಹದ ಗೂಡು ಒತ್ತಿ ಹಿಡಿದಿರುವಾಗ, ಆಟಿ ತಿಂಗಳ ತೇವಕ್ಕೆ ಒಳಮುಖವಾಗಿಯೇ ಬೆಳೆದು ಶಾಫ್ಟನ್ನು ಅಪ್ಪಿಕೊಳ್ಳುತ್ತದೆ. ಬಾಗಿಲಿನ ಮರ ಮಳೆಗಾಲದಲ್ಲಿ ಚೌಕಟ್ಟಿಗೆ ಹಿಡಿದುಕೊಳ್ಳುವುದನ್ನು ನೋಡಿಯೂ ನಾವು ಇದನ್ನು ಮರೆಯುತ್ತೇವೆ. ಅದೇ ಟರ್ನರಿಗೆ ಡೆಲ್ರಿನ್ ಎಂಬ ಹೆಸರಿನ ಅಸಿಟಾಲ್ ಪ್ಲಾಸ್ಟಿಕ್ಕಿನ ಸರಳನ್ನು ತಂದುಕೊಡಿ. ಅದು ನೀರು ಹೀರುವುದು ಬಹಳ ಕಡಿಮೆ, ಜಾರುವುದೂ ಚೆನ್ನಾಗಿ. ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ ಆಗಾಗ ಗ್ರೀಸು ಬೇಕು, ಎಂಜಿನ್ನಿನ ನಡುಕವನ್ನೂ ಅದು ಲಿವರಿಗೆ ಮುಟ್ಟಿಸುತ್ತದೆ. ಮೂಲದಲ್ಲಿ ರಬ್ಬರ್ ಇದ್ದ ಜಾಗಕ್ಕೆ ಮಾತ್ರ ಇವೆರಡನ್ನೂ ಹಾಕಬೇಡಿ. ಎಂಜಿನ್ ಅಲುಗುವಾಗ ಕೊಂಡಿ ಸ್ವಲ್ಪ ಬಾಗಿ ಕೊಡಲೆಂದೇ ಅಲ್ಲಿ ರಬ್ಬರ್ ಇಟ್ಟಿರುತ್ತಾರೆ.

ಬಿಡಿಭಾಗಗಳ ಅಭಾವ ಇನ್ನು ಹೆಚ್ಚಾಗುವುದೇ ಸೈ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಬಿಡಿಭಾಗಗಳಿಗೆ ಆ ನಗರದ ಕಪ್ಪು ಹಳದಿ ಟ್ಯಾಕ್ಸಿಗಳೇ ದೊಡ್ಡ ಗಿರಾಕಿಗಳಾಗಿದ್ದವು. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಮರೆಯಾದವು. ಮುಂಬೈಯಲ್ಲಿ ಹೋಟೆಲು ನಡೆಸುವ ನೆಂಟರು ನಮ್ಮ ಊರುಗಳಲ್ಲಿ ಬಹಳ ಮಂದಿಗೆ ಇದ್ದಾರೆ. ಹಳೆಯ ದಾಸ್ತಾನಿನಲ್ಲಿ ಒಂದು ಜೊತೆ ಮೂಲ ಬುಷ್ ಸಿಕ್ಕಿದರೆ ಅದನ್ನು ಕಾರಿಗೆ ಹಾಕುವ ಮೊದಲು ಟರ್ನರಿಗೆ ತೋರಿಸಿ, ಒಳ ಹೊರ ಅಳತೆಗಳನ್ನು ವರ್ನಿಯರಿನಲ್ಲಿ ತೆಗೆಸಿ, ಕಾಗದದಲ್ಲಿ ಬರೆಸಿಟ್ಟುಕೊಳ್ಳಿ. ನೀವು ಈಗ ಹಾಕಿರುವ ನೈಲಾನ್ ಬುಷ್‌ಗಳನ್ನು ಎಸೆಯಬೇಕಾಗಿಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಬೆಳಗ್ಗೆ ಗೂಡಿನೊಳಗೆ ಕೂರಿಸಿ, ಶಾಫ್ಟ್ ಬೆರಳ ಬಲಕ್ಕೆ ಜಾರುವಷ್ಟು ರೀಮರಿನಿಂದ ಒಳಗನ್ನು ಬಿಡಿಸಿಕೊಂಡರೆ, ಡೆಲ್ರಿನ್ ಸರಳು ಸಿಗುವವರೆಗೆ ಕಾರು ಓಡುತ್ತದೆ.